ಬಸುರಿಯ ಕೆಮ್ಮನ್ನು ಮೆಣಸಿನ ಘಾಟಿನ ಮೇಲೆ ಹಾಕಬೇಡಿ

ಅಕ್ಕಾವರೆ,

ಹೆಸರು ಹಾಕಬೇಡಿ ಎಂದು ಎರಡು ಸಲ ಬರೆದು ಅಡಿಗೆರೆ ಎಳೆದಿದ್ದೀರಿ. ಹಾಕಿಲ್ಲ. ಹಳ್ಳಿಯ ಹೆಸರನ್ನೂ ತೆಗೆದಿದ್ದೇವೆ. ಪತ್ರಿಕೆ ಅಚ್ಚಾಗಿ ಬರುವವರೆಗೆ ಕಾಯುವ ವಿಷಯ ಇದಲ್ಲ, ಅದಕ್ಕೇ ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿದೆ. ಅವತ್ತು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇಂಥದೇ ಸಂಕಟವನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಮನೆಗಳು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇನ್ನೂ ಇವೆ.

ಓದುಗರಿಗೆ ಪತ್ರದ ಸಾರ ಇಷ್ಟು. ಸಿರುಗುಪ್ಪ ತಾಲ್ಲೂಕಿನ ಈ ಅಕ್ಕನ ತಮ್ಮನ ಹೆಂಡತಿಗೆ ಈಗ ಆರು ತಿಂಗಳು. ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ ಇದೆ, ಮೂರು ವರ್ಷದಿಂದ ವೈರಸ್ ಹತ್ತಿಕ್ಕುವ ಏಆರ್‌ಟಿ ಗುಳಿಗೆ ನಡೆದಿದೆ. ಮನೆಯಲ್ಲಿ ಇದು ಗೊತ್ತಿರುವುದು ಅಕ್ಕನಿಗೆ ಮಾತ್ರ. ಮೂರು ವಾರದಿಂದ ಆ ಹುಡುಗಿಗೆ ಕೆಮ್ಮು, ಸಂಜೆಯಾದರೆ ಮೈ ಬಿಸಿ. ಬಾಯೊಳಗೆ ಮೊಸರು ಅಂಟಿದ ಹಾಗೆ ಬಿಳಿ ಪದರ. ಅತ್ತೆ "ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗ್ತಾಳಲ್ಲ, ಘಾಟಿಗೆ ಕೆಮ್ಮು" ಅನ್ನುತ್ತಾರೆ. ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, ಅಂದರೆ ಸಿಡಿ4 ಎಣಿಕೆ, ಬರೀ 180 ಬಂತೆಂದು ಏಆರ್‌ಟಿ ಸೆಂಟರಿನಲ್ಲಿ ಇನ್ನೊಂದು ದೊಡ್ಡ ಗುಳಿಗೆ ಕೊಟ್ಟರು. ಕೂಸಿಗೆ ಉಷ್ಣ ಆಗುತ್ತೆ ಎಂದು ಅದನ್ನು ಬಿಟ್ಟಿದ್ದಾಳೆ. ಎಕ್ಸ್‌ರೇ ಬರೆದುಕೊಟ್ಟರೂ ತೆಗೆಸಿಲ್ಲ.

"ಕೂಸಿನ ಸಲುವಾಗಿ ಇಷ್ಟೆಲ್ಲ ಬಿಟ್ಟಿದ್ದಾಳೆ, ಸರಿ ಅಲ್ವಾ?" ಎಂದು ಕೇಳಿದ್ದೀರಿ. ಸರಿಯಲ್ಲ ಅಕ್ಕಾವರೆ. ಅವಳ ಮನಸ್ಸು ಒಳ್ಳೆಯದು, ಹಿಡಿದ ದಾರಿ ತಪ್ಪು. ತಾಯಿಯ ಮೈಯಲ್ಲಿ ಮದ್ದಿಲ್ಲದೆ ಕೂತ ಸೋಂಕು ಆ ಗುಳಿಗೆಗಿಂತ ಕೂಸಿಗೆ ಎಷ್ಟೋ ಪಾಲು ಕೆಟ್ಟದ್ದು.

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಹೊಟ್ಟೆ ಬಂದಿದೆ, ಆದ್ರೆ ಬಳೆ ಮೊಳಕೈ ತನಕ ಜಾರ್ತಾವೆ." ಬಸುರಿಯ ತೂಕ ಹೊಟ್ಟೆಯಲ್ಲಿ ಮುಚ್ಚಿಹೋಗುತ್ತದೆ. ತೋಳು ಸೊರಗಿದ್ದು ತೂಕದ ಮಷೀನಿಗೆ ಗೊತ್ತಾಗದೇ ಹೋಗಬಹುದು, ಬಳೆಗೆ ಗೊತ್ತಾಗುತ್ತದೆ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಅಥವಾ ಏರಬೇಕಾದಷ್ಟು ಏರದಿರುವುದು: ಈ ನಾಲ್ಕರಲ್ಲಿ ಒಂದಿದ್ದರೂ ಎಚ್‌ಐವಿ ಇರುವವರಿಗೆ ಟಿಬಿ ಪರೀಕ್ಷೆ ಮಾಡಿಸಲೇಬೇಕು. ಬೇರೆಯವರಿಗೆ ಎರಡು ವಾರದ ಕೆಮ್ಮು ಎಂಬ ಲೆಕ್ಕ ಇದೆ. ಇವರಿಗೆ ಆ ಲೆಕ್ಕವಿಲ್ಲ, ನಿನ್ನೆ ಶುರುವಾದ ಕೆಮ್ಮಾದರೂ ತೋರಿಸಬೇಕು.

ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ "ಏನೂ ಇಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ. ಶಕ್ತಿ ಕುಗ್ಗಿದವರ ಕಫದಲ್ಲಿ ಟಿಬಿ ಕ್ರಿಮಿ ಕಡಿಮೆ ಇರುತ್ತವೆ, ಕಣ್ಣಿಗೆ ತಪ್ಪುತ್ತವೆ. ಕಫದಲ್ಲಿ ಕ್ರಿಮಿಯ ಜೀನನ್ನೇ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಮಾಡಿಸಿ ಎಂದು ಕೇಳಿ. ಎದೆಯ ಎಕ್ಸ್‌ರೇಯಲ್ಲಿ ಹೊಟ್ಟೆಯ ಕೂಸಿಗೆ ತಲುಪುವ ಕಿರಣ ತೀರಾ ಕಡಿಮೆ. ಬಸುರಿ ಎಂದು ಹೇಳಿದರೆ ಹೊಟ್ಟೆಗೆ ಸೀಸದ ಹೊದಿಕೆ ಕಟ್ಟುತ್ತಾರೆ. ಟಿಬಿ ಎಂದೇ ಬಂದರೂ ಸಾಮಾನ್ಯವಾಗಿ 6 ತಿಂಗಳ ಮದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಬಸುರಿಯರೂ ತೆಗೆದುಕೊಳ್ಳಬಹುದು. ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಮಾತ್ರ ಕೊಡುವುದಿಲ್ಲ, ಅದು ಕೂಸಿನ ಕಿವಿ ಕೆಡಿಸಬಹುದು. ಟಿಬಿ ಡಾಕ್ಟರಿಗೆ ಏಆರ್‌ಟಿ ವಿಷಯ ಮುಚ್ಚಿಡಬೇಡಿ. ಟಿಬಿ ಮದ್ದಿನಲ್ಲಿ ರಿಫಾಂಪಿಸಿನ್ ಇದ್ದರೆ ಏಆರ್‌ಟಿ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಮದ್ದು ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಇನ್ನು ಆ ದೊಡ್ಡ ಗುಳಿಗೆ. ಅದು ಕೋಟ್ರಿಮಾಕ್ಸಜೋಲ್, ನಮ್ಮಲ್ಲಿ ಬಹಳ ಜನ ಸೆಪ್ಟ್ರಾನ್ ಅನ್ನುತ್ತಾರೆ. ಸಿಡಿ4 350ಕ್ಕಿಂತ ಕೆಳಗಿದ್ದರೆ ಬಸುರಿಗೂ ಕೊಡುತ್ತಾರೆ. ಮೈಯಲ್ಲಿ ಶಕ್ತಿ ಇಳಿದ ಸಮಯ ನೋಡಿ ನುಗ್ಗುವ ಒಂದು ಬಗೆಯ ನ್ಯುಮೋನಿಯಾ, ಮೆದುಳಿಗೆ ಏರುವ ಟಾಕ್ಸೋಪ್ಲಾಸ್ಮಾ ಎಂಬ ಸೋಂಕು, ಕೆಲವು ಬಗೆಯ ಭೇದಿ, ಇವನ್ನೆಲ್ಲ ಬಾಗಿಲಲ್ಲೇ ತಡೆಯುವ ಗುಳಿಗೆ ಅದು. ಇದು ಕೂಸಿನ ಬೆನ್ನುಹುರಿ ಸರಿಯಾಗಿ ಕೂಡಲು ಬೇಕಾದ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ಬರುತ್ತದೆ ಎಂಬ ಅಂಜಿಕೆ ಇರುವುದು ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ. ಕೂಸಿನ ಬೆನ್ನುಹುರಿಯ ನಾಳ ಮೊದಲ ತಿಂಗಳಲ್ಲೇ ಮುಚ್ಚಿಕೊಳ್ಳುತ್ತದೆ. ಅವಳು ಅದನ್ನು ಯಾವತ್ತೋ ದಾಟಿದ್ದಾಳೆ. ಮೈಮೇಲೆ ಗಂಧೆ ಎದ್ದರೆ ಮಾತ್ರ ಕೂಡಲೇ ತೋರಿಸಿ.

ಬಾಯಿಯ ಬಿಳಿ ಪದರ ಬೂಷ್ಟಿನ ಸೋಂಕಿರಬಹುದು, ಅದಕ್ಕೆ ಮೆಡಿಕಲ್ ಶಾಪಿನಿಂದ ಕ್ಯಾಪ್ಸೂಲ್ ತಂದು ನುಂಗಿಸಬೇಡಿ. ಅದಕ್ಕೆ ಕೊಡುವ ಫ್ಲುಕೊನಜೋಲ್ ಬಸುರಿಯರಿಗೆ ಎಚ್ಚರದಿಂದ ಕೊಡುವ ಮದ್ದು. ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ಇದೆ. ನುಂಗುವಾಗ ಎದೆಯಲ್ಲಿ ನೋವು ಬಂದರೆ ಸೋಂಕು ಕೆಳಗಿಳಿದಿರಬಹುದು, ಡಾಕ್ಟರೇ ನೋಡಬೇಕು.

ನೀವು ಸುಮ್ನೆ ಹೇಳಿಹೋದ ಇನ್ನೊಂದು ಮಾತಿದೆ. "ಯಾರೂ ಏಳೋ ಮುಂಚೆ ಏಆರ್‌ಟಿ, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಒಟ್ಟಿಗೇ ನುಂಗಿಬಿಡ್ತಾಳೆ." ಅಲ್ಲೇ ಒಂದು ತೊಡಕಿರಬಹುದು! ಖಾಲಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಜೊತೆಗೆ ಹೋದರೆ ಡೊಲುಟೆಗ್ರಾವಿರ್ ಅವಕ್ಕೆ ಅಂಟಿಕೊಂಡು ರಕ್ತಕ್ಕೆ ಪೂರ್ತಿ ಸೇರುವುದಿಲ್ಲ. ಏಆರ್‌ಟಿ ಗುಳಿಗೆ ಅವೆರಡಕ್ಕಿಂತ 2 ತಾಸು ಮುಂಚೆ ಇರಬೇಕು, ಇಲ್ಲವೇ 6 ತಾಸು ನಂತರ. ಬೆಳಿಗ್ಗೆ ತಿಂಡಿ ಆದ ಮೇಲೆ ಕ್ಯಾಲ್ಸಿಯಂ, ಮಧ್ಯಾಹ್ನ ಕಬ್ಬಿಣ, ರಾತ್ರಿ ಮಲಗುವ ಮುಂಚೆ ಏಆರ್‌ಟಿ. ಕಬ್ಬಿಣ, ಕ್ಯಾಲ್ಸಿಯಂ ಎಲ್ಲ ಬಸುರಿಯರೂ ನುಂಗುವವೇ, ಅತ್ತೆಯ ಮುಂದೆಯೇ ತೆಗೆದುಕೊಳ್ಳಲಿ. ಮುಚ್ಚಿಡಬೇಕಾದ್ದು ಒಂದೇ ಗುಳಿಗೆ. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚಿ ಸಿಡಿ4 ಸ್ವಲ್ಪ ಇಳಿಯುವುದುಂಟು. ಆದರೆ 180 ಅನ್ನು ಅದರ ಮೇಲೆ ಹಾಕಿ ಕೂರಬಾರದು. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಮಾಡಿಸಿ. ಗುಳಿಗೆ ತಪ್ಪದೆ ನಡೆದು ವೈರಸ್ ಹತೋಟಿಯಲ್ಲಿದ್ದರೆ ಕೂಸಿಗೆ ಹರಡುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕೆಳಗೆ ಬರುತ್ತದೆ. ಏನೂ ಮಾಡದಿದ್ದರೆ ಅದು ನೂರಕ್ಕೆ 15ರಿಂದ 45.

ಊರವರು ನೋಡಿದರೆ ಏನು ಗತಿ ಎಂದು ಕೇಳಿದ್ದೀರಿ. ಕಫ ಪರೀಕ್ಷೆಗೆ ಅಂತ ಹೇಳಿ ಹೋಗಿ, ಅದು ಸುಳ್ಳೂ ಅಲ್ಲ. ಒಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಆಸ್ಪತ್ರೆಯವರು ಹೊರಗೆ ಹೇಳುವ ಹಾಗಿಲ್ಲ ಎಂದು 2017ರ ಕಾಯ್ದೆ ಇದೆ. ಏನಾದರೂ ಕೇಳಬೇಕೆಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಬಾಣಂತನಕ್ಕೆ ತವರಿಗೆ ಹೋಗುವ ಮುಂಚೆ ಏಆರ್‌ಟಿ ಸೆಂಟರಿಗೆ ತಿಳಿಸಿ. ಅಲ್ಲಿಗೆ ಹತ್ತಿರದಲ್ಲಿ ಗುಳಿಗೆ ಸಿಗುವ ಹಾಗೆ, ಹೆರಿಗೆಯಾದ ಕೂಡಲೇ ಕೂಸಿಗೆ ಸೋಂಕು ತಡೆಯುವ ನೆವಿರಾಪಿನ್ ಸಿರಪ್ ಸಿಗುವ ಹಾಗೆ ಬರೆದುಕೊಡುತ್ತಾರೆ.

ಈ ನಡುವೆ ದಮ್ಮು ಕಟ್ಟಿದರೆ, ತಲೆ ಸಿಡಿದು ವಾಂತಿಯಾದರೆ, ಕೂಸಿನ ಅಲುಗಾಟ ಕಡಿಮೆ ಅನ್ನಿಸಿದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. 108 ಕರೆಸಿ, ರಾತ್ರಿಯೇ ಹೊರಡಿ.

ಕಫದ ರಿಪೋರ್ಟ್ ಬಂದ ಮೇಲೆ ನನಗೊಂದು ಫೋನ್ ಮಾಡಿ. ಎಷ್ಟು ಹೊತ್ತಾದರೂ ಎತ್ತುತ್ತೇನೆ.

– ಸಂಪಾದಕ