ಚಳಿಗಾಲದ ಕೊನೆಯಲ್ಲಿ ಕುಂಟೆಯ ಬಾಸ್ ಮೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಎರಡು ಎಕರೆಯಷ್ಟು ದೊಡ್ಡ ಕುಂಟೆಯಿದೆ. ಬೇಸಿಗೆಯಲ್ಲಿ ಫ್ಲೈ ರಾಡ್‌ಗೆ (ಗರಿ, ನೂಲು ಸುತ್ತಿ ಕಟ್ಟಿದ ಹುಸಿ ಎರೆಯನ್ನು, ಅಂದರೆ ಫ್ಲೈಯನ್ನು, ಎಸೆಯುವ ಗಾಳದ ಕೋಲು) ಲಾರ್ಜ್‌ಮೌತ್ ಬಾಸ್ ಚೆನ್ನಾಗಿ ಸಿಗುತ್ತಿದ್ದವು. ಫೆಬ್ರವರಿಯಲ್ಲಿ ಬೆಳಗ್ಗೆ ಹೊತ್ತು ಮೂಡುವ ಮುಂಚೆ ಹೋದರೂ ಒಂದೂ ಕಚ್ಚುವುದಿಲ್ಲ. ಮೀನು ಎಲ್ಲಿರುತ್ತವೆ?
– ಕ್ಯಾರಿ, ನಾರ್ತ್ ಕ್ಯಾರೊಲಿನಾ

ಉತ್ತರ: ಮೊದಲು ಬೆಳಗಿನ ನಿದ್ದೆ ಕೆಡಿಸಿಕೊಳ್ಳುವುದನ್ನು ಬಿಡಿ. ಬಾಸ್‌ನ ಮೈಬಿಸಿ ನೀರಿನ ಬಿಸಿಯಷ್ಟೇ. ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ತಿಂದದ್ದು ಬೇಗ ಅರಗದು, ಹಸಿವೂ ಕಡಿಮೆ. ಮಧ್ಯಾಹ್ನ ಎರಡರಿಂದ ಸಂಜೆ ನಾಲ್ಕೂವರೆವರೆಗಿನ ಹೊತ್ತು ಒಳ್ಳೆಯದು. ಎರಡು ಮೂರು ದಿನ ಸತತವಾಗಿ ಬಿಸಿಲು ಬಿದ್ದ ಮೇಲೆ ಹೋದರೆ ಇನ್ನೂ ಒಳ್ಳೆಯದು. ಶೀತಗಾಳಿ ಬೀಸಿದ ಮರುದಿನ ಆಕಾಶ ಎಷ್ಟೇ ನೀಲಿಯಾಗಿರಲಿ, ಮನೆಯಲ್ಲಿರಿ.

ಜಾಗಕ್ಕೆ ಬಂದರೆ, ಏರಿಯ ಪಕ್ಕದ ಆಳ ಮತ್ತು ತೂಬಿನ ಸುತ್ತ ಮೊದಲು ನೋಡಿ. ಆಮೇಲೆ ಉತ್ತರದ ದಡ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ದಡಕ್ಕೆ ಬಿಸಿಲು ನೇರ ಬೀಳುತ್ತದೆ, ಬಡಗಣ ಗಾಳಿಯೂ ಅಲ್ಲಿ ಅಷ್ಟು ತಾಗುವುದಿಲ್ಲ. ಆಳದ ಪಕ್ಕದಲ್ಲೇ ಕಪ್ಪು ಕೆಸರಿನ ಅಥವಾ ಕಲ್ಲು ಕಟ್ಟಿದ ಇಳಿಜಾರಿದ್ದರೆ ಬಾಸ್ ಬಿಸಿಲು ಕಾಯಲು ಮೇಲೆ ಬರುತ್ತವೆ, ಚಳಿಯಾದರೆ ಕೆಳಗಿಳಿಯುತ್ತವೆ. ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನಾಲ್ಕು ಅಡಿ ಕೆಳಗೆ ಎರಡು ನಿಮಿಷ ಇಳಿಬಿಡಿ. ಮೇಲ್ನೀರಿನ ಬಿಸಿಯನ್ನು ನಂಬಿದರೆ ಮೋಸ ಹೋಗುತ್ತೀರಿ. ನಾಲ್ಕಡಿಯಲ್ಲಿ 55 ಡಿಗ್ರಿ ಬಂತೆಂದರೆ ಮೊಣಕಾಲುದ್ದದ ನೀರಿನಲ್ಲೂ ಹುಡುಕಬಹುದು.

ಪ್ರಶ್ನೆ: ಇಂಟರ್‌ಮೀಡಿಯೆಟ್ ಲೈನ್ (ನಿಧಾನಕ್ಕೆ ಮುಳುಗುವ ಗಾಳದ ದಾರ) ಹಾಕಿ ವೂಲಿ ಬಗರ್ ಎಂಬ ಫ್ಲೈ ಎಸೆಯುತ್ತೇನೆ. ಪ್ರತಿ ಸಲ ಎಲೆ, ಕೊಳೆತ ಜೊಂಡು ಬರುತ್ತದೆ. ಇಲ್ಲವೇ ಏನೂ ಬರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕಚ್ಚಿದರೂ ರಾಡ್ ಎತ್ತುವಷ್ಟರಲ್ಲಿ ಮೀನು ಬಿಟ್ಟಿರುತ್ತದೆ.
– ನಾಕ್ಸ್‌ವಿಲ್, ಟೆನೆಸಿ

ಉತ್ತರ: ಲೈನ್ ಸರಿಯಾಗಿದೆ, ಅವಸರವೇ ತೊಂದರೆ. ಸೆಕೆಂಡಿಗೆ ಒಂದೂವರೆ ಇಂಚು ಮುಳುಗುವ ಲೈನ್ ಆರು ಅಡಿ ಇಳಿಯಲು 48 ಸೆಕೆಂಡು ಬೇಕು. ಹತ್ತು ಎಣಿಸಿ ಎಳೆಯಲು ಶುರುಮಾಡಿದರೆ ಫ್ಲೈ ಮೀನಿನ ತಲೆಯ ಮೇಲೆ ಬಹಳ ಎತ್ತರದಲ್ಲಿ ಸಾಗುತ್ತದೆ. ಪೂರ್ತಿ ಎಣಿಸಿ. ನಾಲ್ಕು ಇಂಚು ಎಳೆದು, ಎಂಟು ಹತ್ತು ಸೆಕೆಂಡು ಸುಮ್ಮನಿರಿ, ಮತ್ತೆ ನಾಲ್ಕು ಇಂಚು. ಬಹುಪಾಲು ಕಚ್ಚುವುದು ಸುಮ್ಮನಿರುವಾಗಲೇ.

ಎಲೆ ಸಿಕ್ಕಿಕೊಳ್ಳುವುದು ಕೊಕ್ಕೆಯ ಮೊನೆ ಕೆಳಮುಖವಾಗಿರುವುದರಿಂದ. 4ನೇ ನಂಬರಿನ ಕ್ಲೌಸರ್ ಮಿನೋ ಎಂಬ ಫ್ಲೈ ಕಟ್ಟಿ (ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ಅದರ ಸೀಸದ ಕಣ್ಣುಗಳ ಭಾರಕ್ಕೆ ಕೊಕ್ಕೆ ಮಗುಚಿ ಮೊನೆ ಮೇಲೆ ಬರುತ್ತದೆ. ಬಗರ್ ಬಿಡಲು ಮನಸ್ಸಿಲ್ಲದಿದ್ದರೆ ಕಸ ಸಿಕ್ಕದಂತೆ ಮೊನೆಗೆ ಅಡ್ಡ ಕಟ್ಟಿದ ಗಟ್ಟಿ ನೈಲಾನಿನ ಎಳೆ (ವೀಡ್ ಗಾರ್ಡ್) ಇರುವ, ಕಪ್ಪು ಅಥವಾ ಪಾಚಿ ಬಣ್ಣದ 6ನೇ ನಂಬರಿನದು ಸಾಕು. ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ಏಳೂವರೆ ಅಡಿ, ತುದಿಯಲ್ಲಿ ಹತ್ತು ಪೌಂಡು ಎಳೆತ ತಾಳುವ ಫ್ಲೋರೊಕಾರ್ಬನ್ ಎಳೆ. ಫ್ಲೈಗೆ ಬಿಗಿಗಂಟು ಹಾಕದೆ ಜಾರದ ಕುಣಿಕೆ ಹಾಕಿ, ಎಳೆತ ಚಿಕ್ಕದಾದರೂ ಅದು ಅಲ್ಲಾಡುತ್ತದೆ.

ಚಳಿಯಲ್ಲಿ ಕಚ್ಚಿದ್ದು ಜಗ್ಗಿದಂತಿರುವುದಿಲ್ಲ. ಲೈನ್ ಸ್ವಲ್ಪ ಭಾರವಾಗುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಆಗ ಟ್ರೌಟ್ ಮೀನಿಗೆ ಮಾಡುವ ಹಾಗೆ ರಾಡ್ ಎತ್ತಿದರೆ ಮೆತ್ತನೆಯ ತುದಿ ಬಾಗುತ್ತದೆ ಹೊರತು ದಪ್ಪ ತಂತಿಯ ಕೊಕ್ಕೆ ಬಾಯಿಗೆ ಇಳಿಯದು. ರಾಡಿನ ತುದಿ ನೀರಿನ ಹತ್ತಿರ, ಫ್ಲೈ ಕಡೆಗೇ ಇರಲಿ. ಲೈನ್ ಹಿಡಿದ ಕೈಯಿಂದ ಒಂದಡಿ ಬಲವಾಗಿ ಎಳೆಯಿರಿ. ತಪ್ಪಿದರೂ ಫ್ಲೈ ಮೀನಿನ ಮುಂದೆಯೇ ಉಳಿಯುತ್ತದೆ, ಇನ್ನೊಮ್ಮೆ ಕಚ್ಚಬಹುದು.

ಪ್ರಶ್ನೆ: ಟ್ರೌಟ್‌ಗೆ ಕೊಂಡ 5 ವೆಯ್ಟ್ ರಾಡ್ (ವೆಯ್ಟ್ ಎಂದರೆ ರಾಡಿಗೆ ತಕ್ಕ ಲೈನಿನ ತೂಕದ ನಂಬರು) ಬಾಸ್‌ಗೆ ಸಾಕಾಗುತ್ತದೆಯೇ?
– ಅಟ್ಲಾಂಟಾ

ಉತ್ತರ: 8ನೇ ನಂಬರಿನ, ಭಾರವಿಲ್ಲದ ಬಗರ್‌ಗೆ ಸಾಕು. ಸೀಸದ ಕಣ್ಣಿನ ಫ್ಲೈಗೆ ಬೇಡ: ಎಸೆಯುವಾಗ ಕೆಳಗಿಳಿದು ರಾಡಿಗೆ ಬಡಿಯುತ್ತದೆ. ಕಾರ್ಬನ್ನಿನಲ್ಲಿ ಬಿದ್ದ ಆ ಸಣ್ಣ ಪೆಟ್ಟಿನ ಜಾಗದಲ್ಲೇ ಮುಂದೊಂದು ದಿನ ಮುರಿಯುತ್ತದೆ. ಒಂಬತ್ತಡಿಯ 7 ವೆಯ್ಟ್ ಕೊಳ್ಳುವುದು ಜಾಣತನ. ಕೊಕ್ಕೆ ತಲೆಗೆ, ಕಣ್ಣಿಗೆ ತಾಗದಂತೆ ಟೋಪಿ, ಕನ್ನಡಕ ಯಾವ ರಾಡಿಗಾದರೂ ಬೇಕು.

ಪ್ರಶ್ನೆ: ಈ ಕಾಲದಲ್ಲಿ ಹಿಡಿದ ಬಾಸನ್ನು ಸಾರಿಗೆ ತರಬಹುದೇ? ಕೆಲವಕ್ಕೆ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ.
– ಡಲ್ಲಾಸ್

ಉತ್ತರ: ಮೊಟ್ಟೆ ತುಂಬಿದ ದೊಡ್ಡದನ್ನು ಬಿಟ್ಟುಬಿಡಿ. ನೀರು 60 ಡಿಗ್ರಿ ದಾಟುತ್ತಿದ್ದಂತೆ ಅವು ಮೊಟ್ಟೆಯಿಡುತ್ತವೆ. ಹಿಡಿಯುವಾಗ ಕೈ ಒದ್ದೆಯಿರಲಿ. ಭಾರದ ಮೀನನ್ನು ದವಡೆಯೊಂದರಿಂದಲೇ ಅಡ್ಡಡ್ಡ ಎತ್ತಿದರೆ ಕೀಲು ಹಾಳಾಗುತ್ತದೆ, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಟ್ಟಿದ್ದರೆ ಬಿಡಿಸುವುದು ಕ್ಷಣದ ಕೆಲಸ.

ಸಣ್ಣ ಕುಂಟೆಯಲ್ಲಿ ಎಲ್ಲವನ್ನೂ ಬಿಡುವುದೂ ಒಳ್ಳೆಯದಲ್ಲ. ಗೇಣುದ್ದದ, ತಲೆ ದೊಡ್ಡದಾಗಿ ಹೊಟ್ಟೆ ಒಳಸೇರಿದ ಬಾಸ್‌ಗಳೇ ಸಿಗುತ್ತಿದ್ದರೆ ಮೀನು ಹೆಚ್ಚಾಗಿ ಆಹಾರ ಸಾಲುತ್ತಿಲ್ಲ ಎಂದರ್ಥ. ಅಂಥವನ್ನು ಸಾರಿಗೆ ತನ್ನಿ, ಉಳಿದವು ಬೆಳೆಯುತ್ತವೆ. ಆದರೆ ಕುಂಟೆಯ ಮಾಲೀಕರ ಅಥವಾ ಬಡಾವಣೆಯ ಸಂಘದ ಅಪ್ಪಣೆ, ನಿಮ್ಮ ರಾಜ್ಯದ ಲೈಸೆನ್ಸ್ ಮತ್ತು ಅಳತೆಯ ನಿಯಮ ಮೊದಲು ನೋಡಿಕೊಳ್ಳಿ; ಇವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೊಳ್ಳೆ, ಪಾಚಿ ತಡೆಯಲು ಔಷಧ ಹೊಡೆಯುವ ಕುಂಟೆಯಾದರೆ ಅದನ್ನೂ ಕೇಳಿಯೇ ತಿನ್ನಿ.