ಅಂಗಳದಲ್ಲಿ ಅಡಿಕೆ ಇದ್ದಾಗ ಮೋಡ ನೋಡುವುದು

ನಮಸ್ಕಾರ ಅಣ್ಣ. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿದ್ದೀರಿ, ಮೂರು ಮೋಡದ ಫೋಟೋ ಹಾಕಿ ಯಾವುದಕ್ಕೆ ಟಾರ್ಪಾಲ್ ಎಳೆಯಬೇಕು ಎಂದು ಕೇಳಿದ್ದೀರಿ. ನಾನು ಹೊಸನಗರ ಕಡೆಯವನು, ನಮ್ಮದೂ ಇದೇ ಪಾಡು.

ಮೊದಲನೇ ಫೋಟೋದಲ್ಲಿ ಬೆಳ್ಳಗಿನ ಸಣ್ಣ ಉಂಡೆಗಳು ಸಾಲಾಗಿವೆ. ನೆತ್ತಿಯ ಹತ್ತಿರ ಇಂಥವು ಕಂಡಾಗ ಕೈ ನೀಳವಾಗಿ ಚಾಚಿ ಬೆರಳು ಅಡ್ಡ ಹಿಡಿಯಿರಿ. ಒಂದು ಉಂಡೆ ಕಿರುಬೆರಳಿಗೇ ಮುಚ್ಚಿಹೋದರೆ ತೀರಾ ಮೇಲಿನ ಸಿರೊಕ್ಯುಮುಲಸ್ ಮೋಡ. ಎರಡು ಮೂರು ಬೆರಳು ಬೇಕಾದರೆ ನಡು ಎತ್ತರದ ಆಲ್ಟೊಕ್ಯುಮುಲಸ್. ಅದಕ್ಕೂ ದೊಡ್ಡದಿದ್ದರೆ ಸ್ಟ್ರಾಟೊಕ್ಯುಮುಲಸ್, ಸಾಮಾನ್ಯವಾಗಿ 2 ಕಿ.ಮೀ. ಒಳಗಿನದು. ನಿಮ್ಮದು ನಡುವಿನದು ಅನ್ನಿಸುತ್ತದೆ. ಅದರಿಂದ ನೇರವಾಗಿ ಮಳೆ ಬೀಳುವುದು ಅಪರೂಪ.

ಎರಡನೆಯದು ಕಪ್ಪಾಗಿದೆ ಎಂದು ಹೆದರಿದ್ದೀರಿ, ಅಲ್ವಾ? ನಾವು ನೋಡುವುದು ಮೋಡದ ಅಡಿಭಾಗ, ಅಂದರೆ ನೆರಳಿನ ಕಡೆ. ಅದು ಬರೀ ಸ್ಟ್ರಾಟೊಕ್ಯುಮುಲಸ್. ಹೆಚ್ಚೆಂದರೆ ನಾಲ್ಕು ಹನಿ.

ನನಗೆ ಹೆದರಿಕೆ ಇರುವುದು ಮೂರನೆಯದರ ಮೇಲೆ. ಮೂಡಲಲ್ಲಿ ಹೂಕೋಸಿನ ಹಾಗೆ, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದೆ ನೋಡಿ, ಅದು. ಎರಡು ವರ್ಷದ ಹಿಂದೆ ಇಂಥದ್ದನ್ನೇ ನೋಡಿ ‘ಬಿಳಿ ಮೋಡ, ಏನಾಗಲ್ಲ’ ಎಂದು ಕಾಫಿ ಕುಡಿಯುತ್ತಾ ಕೂತಿದ್ದೆ. ಮುಕ್ಕಾಲು ಗಂಟೆಯಲ್ಲಿ ಅಂಗಳದ ಅಡಿಕೆ ಚರಂಡಿಗೆ ಹರಿದಿತ್ತು. ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಈಗ ಹೀಗೆ ಮಾಡುತ್ತೇನೆ. ಜಗಲಿ ಕಂಬಕ್ಕೆ ಒರಗಿ, ತೋಟದ ಒಂದು ಅಡಿಕೆ ಮರದ ಸುಳಿಗೆ ಸರಿಯಾಗಿ ಮೋಡದ ತಲೆ ಹಿಡಿಯುತ್ತೇನೆ. ಹತ್ತು ನಿಮಿಷ ಬಿಟ್ಟು ಅದೇ ಜಾಗದಿಂದ ನೋಡಬೇಕು. ತಲೆ ಸುಳಿ ದಾಟಿ ಮೇಲೇರಿದ್ದರೆ ಎಲ್ಲರನ್ನೂ ಅಂಗಳಕ್ಕೆ ಕರೆಯುತ್ತೇನೆ. ಹೂಕೋಸಿನ ಅಂಚು ಸ್ಪಷ್ಟವಾಗಿರುವವರೆಗೆ ಸ್ವಲ್ಪ ಸಮಯ ಇದೆ. ಅಂಚು ನಾರುನಾರಾಗಿ, ತಲೆ ಚಪ್ಪಟೆಯಾಗಿ ಅಕ್ಕಪಕ್ಕ ಹರಡಿದರೆ ತುದಿ ಹಿಮವಾಗಿದೆ, ಅದೇ ಕ್ಯುಮುಲೋನಿಂಬಸ್, ಗುಡುಗು ಮಳೆಯ ಮೋಡ. ನಮ್ಮ ಕಡೆ 12 ಕಿ.ಮೀ. ದಾಟಿ ಬೆಳೆಯಬಲ್ಲದು. ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿತೋ, ಮಳೆ ಹತ್ತಿರವೇ ಬಿದ್ದಿದೆ ಎಂದರ್ಥ. ಮಿಂಚಿದ ಮೇಲೆ ಗುಡುಗಿನವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತರೊಳಗೆ ಗುಡುಗು ಕೇಳಿದರೆ ಅಡಿಕೆ ಹಾಳಾಗಿ ಹೋಗಲಿ, ಒಳಗೆ ಬನ್ನಿ.

ಮಳೆಗಾಲದಲ್ಲಿ ಆಕಾಶವೆಲ್ಲ ಮುಚ್ಚಿ ಬಿಡದೆ ಸುರಿಯುವ ನಿಂಬೊಸ್ಟ್ರಾಟಸ್‌ಗೆ ಗುರುತೇ ಬೇಡ. ಆಗುಂಬೆಯವರನ್ನು ಕೇಳಿ, ಸೂರ್ಯ ಎಲ್ಲಿದ್ದಾನೆಂದೇ ತಿಳಿಯದು. ಬೆಳಗಿನ ಮಂಜಿಗೂ ಹೆದರಬೇಡಿ. ರಾತ್ರಿ ಆಕಾಶ ಶುಭ್ರವಿದ್ದು ನೆಲ ತಣ್ಣಗಾದಾಗಲೇ ಅದು ಜಾಸ್ತಿ. ಬಿಸಿಲೇರಿದ ಹಾಗೆ ಕರಗುತ್ತದೆ, ಆಮೇಲೆ ಅಡಿಕೆ ಹರವಿ.

ಇನ್ನೊಂದು, ಚಂದ್ರನ ಸುತ್ತ ದೊಡ್ಡ ಉಂಗುರ ಕಂಡರೆ ಅದು ಸಿರೊಸ್ಟ್ರಾಟಸ್, ಹಿಮದ ಹರಳಿನ ತೆಳು ಪರದೆ. ಉಂಗುರ ಕಂಡಾಗಲೆಲ್ಲ ಮಳೆ ಬರುವುದಿಲ್ಲ. ಆದರೆ ಪರದೆ ದಪ್ಪವಾಗುತ್ತಾ ಹೋದರೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏನಾದರೂ ಇದೆಯಾ ಎಂದು ಹವಾಮಾನ ವರದಿ ನೋಡಿಕೊಳ್ಳಿ.

ಅಂದ ಹಾಗೆ, ಮೂರನೇ ಫೋಟೋ ಎಷ್ಟು ಗಂಟೆಗೆ ತೆಗೆದಿದ್ದು? ಬೆಳಿಗ್ಗೆ 11ರೊಳಗೇ ಅಷ್ಟು ಎತ್ತರ ಬೆಳೆದಿದ್ದರೆ ಊಟಕ್ಕೆ ಮೊದಲೇ ಅಡಿಕೆ ಗುಡ್ಡೆ ಮಾಡಿ ಮುಚ್ಚಿಬಿಡಿ.