ಅಟ್ಟದ ಮೇಲಿನ ಕ್ಯಾಸೆಟ್ ಮತ್ತು ಒಂದು ಭೈರವಿ

ಓದುಗರ ಪತ್ರ: “ನಾನು ಪಿಟೀಲು ನುಡಿಸುವವನು. ವಯಸ್ಸು 66. ತ್ಯಾಗರಾಜನಗರದ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ 41 ಕ್ಯಾಸೆಟ್, 6 ಸ್ಪೂಲ್ (ಚಕ್ರಕ್ಕೆ ಸುತ್ತಿದ ಟೇಪು) ಸಿಕ್ಕವು. ಎಲ್ಲಾ ನಮ್ಮ ಗುರುಗಳ ಹಾಡುಗಾರಿಕೆ, 1976ರಿಂದ 1988ರವರೆಗಿನದು. ಕೆಲವು ರಾಮನವಮಿ ಚಪ್ಪರದ ಕಚೇರಿ, ಕೆಲವು ಮನೆಯ ಪಾಠ. ಬಹುಪಾಲು ಕಚೇರಿಗಳಿಗೆ ಪಿಟೀಲು ನನ್ನದೇ. ಟೇಪಿಗೆ ತುಂಬಿಕೊಂಡದ್ದು ಗುರುಗಳ ಭಾವಮೈದುನ. ಹೊರಗಿನವರು ಯಾರೂ ಇವನ್ನು ಕೇಳಿಲ್ಲ. ಒಂದು ಕಂಪನಿಯವರು ‘ಈಗ ಇದನ್ನೆಲ್ಲ ಯಾರು ಕೇಳ್ತಾರೆ ಸರ್’ ಅಂದರು. ಒಂದು ಸ್ಟುಡಿಯೋದವರು ‘ಕ್ಲೀನ್ ಮಾಡಿ, ಹೊಸ ತಂಬೂರಿ, ಮೃದಂಗ ಸೇರಿಸಿ ಕೊಡ್ತೀವಿ’ ಅಂತಾರೆ. ನಾನೇ ಸ್ವಂತ ಖರ್ಚಿನಲ್ಲಿ ಹೊರತರಲೇ? ಒಂದು ಅಳುಕಿದೆ. ಒಂದು ಕ್ಯಾಸೆಟ್ಟಿನಲ್ಲಿ ಗುರುಗಳು ‘ಅದನ್ನ ಆಫ್ ಮಾಡಪ್ಪಾ’ ಅನ್ನುವುದು ಕೇಳಿಸುತ್ತದೆ. ಯಾರೂ ಆಫ್ ಮಾಡಿಲ್ಲ. ಆಮೇಲೆ ಬರುವ ಭೈರವಿ ರಾಗ ಇಡೀ ಡಬ್ಬದಲ್ಲೇ ಶ್ರೇಷ್ಠ. ನನ್ನ ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಪ್ರೀತಿಯ ಸರ್,

ಹೊರತನ್ನಿ. ಕಂಪನಿಯವರ ಮಾತಿಗೆ ಬೇಜಾರು ಮಾಡ್ಕೋಬೇಡಿ. ಅವರು ಲೆಕ್ಕದ ಪುಸ್ತಕ ನೋಡಿ ಹೇಳಿದ್ದಾರೆ, ಅಷ್ಟೇ. ಈ ಪುಣ್ಯಕಾರ್ಯ ಅವರು ಹಿಂದೆಯೂ ಮಾಡಿದವರಲ್ಲ. ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿದ್ದ. ಅವನ ಸಂಗೀತ ಗ್ರಾಮಫೋನ್ ಪ್ಲೇಟುಗಳಲ್ಲಿ ಉಳಿದದ್ದು ನಮ್ಮ ಜಯಚಾಮರಾಜ ಒಡೆಯರ್ ದುಡ್ಡು ಹಾಕಿ 1949ರಲ್ಲಿ ಅದಕ್ಕೇ ಒಂದು ಸೊಸೈಟಿ ಮಾಡಿಸಿದ್ದರಿಂದ. ನಮಗೆ ನಿಮಗೆ ಅರಮನೆ ಇಲ್ಲ, ನಿಜ. ಆದರೆ ನಿಮ್ಮ ಖರ್ಚೂ ಅರಮನೆಯದ್ದಲ್ಲ.

ನಿಮ್ಮ ಡಬ್ಬ ಏಕೆ ಮುಖ್ಯ ಅಂದರೆ, ಅದರಲ್ಲಿ ಹೊತ್ತು ಇದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ತುಂಬಿಕೊಂಡ. (ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಆಸ್ಥಾನ ಸೇರಿ 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು.) ಆಗ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ರಾಗ ತೋರಿಸಿ, ಕೃತಿ ಹಾಡಿ, ಮುಗಿಸಿ ಏಳಬೇಕು. ದೊಡ್ಡ ದೊಡ್ಡ ವಿದ್ವಾಂಸರನ್ನೂ ನಾವು ಹಾಗೆ ತುಣುಕು ತುಣುಕಾಗಿಯೇ ಕೇಳಿದ್ದು. ಒಬ್ಬರು ಕೂತು ಅರ್ಧ ಗಂಟೆ ಆಲಾಪನೆ ಮಾಡಿ, ದಾರಿ ತಪ್ಪಿ, ಮತ್ತೆ ಹುಡುಕಿಕೊಂಡು ಬರುವುದು ಉಳಿದಿದ್ದರೆ ಅದು ಭಾವಮೈದುನರು, ಸೋದರಮಾವಂದಿರು ತುಂಬಿದ ಇಂಥ ಟೇಪುಗಳಲ್ಲಿ. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಚೇರಿ ನಡೆಸುತ್ತಿದೆ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಮುಂದಿನ ಸಾಲಿನ ಕುರ್ಚಿ ಕೆಳಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದ ಮಹನೀಯರನ್ನು ನಾನೇ ಕಂಡಿದ್ದೇನೆ. ಅವರ ಅಟ್ಟಗಳೆಲ್ಲ ಈಗ ಏನಾಗಿವೆಯೋ.

ಇನ್ನು ಸ್ಟುಡಿಯೋದವರ ಮಾತು. ದಯವಿಟ್ಟು ಬೇಡ. ಇದು ನನ್ನ ಸುಟ್ಟ ಕೈ ಹೇಳುವ ಮಾತು. ನಮ್ಮ ತಂದೆ ಮನೆಯಲ್ಲಿ ತುಂಬಿಕೊಂಡಿದ್ದ ಒಂದು ವೀಣೆ ಕ್ಯಾಸೆಟ್ ಇತ್ತು. ತೋಡಿ ರಾಗದ ನಡುವೆ ನಮ್ಮತ್ತೆ “ಕಾಫಿ ಆರ್ತಿದೆ” ಅನ್ನುತ್ತಾರೆ. ವೈಣಿಕರು ನುಡಿಸುತ್ತಲೇ “ಹ್ಞೂಂ” ಅನ್ನುತ್ತಾರೆ. ಅದನ್ನು ಒಂದು ಅಂಗಡಿಗೆ ಕೊಟ್ಟೆ. ಸಿ.ಡಿ. ಬಂತು. ಅತ್ತೆ ಇಲ್ಲ, ಹ್ಞೂಂ ಇಲ್ಲ. ಹೋಗಲಿ ಬಿಡಿ ಅಂದ್ರೆ, ತಂಬೂರಿಯೂ ಇಲ್ಲ! ವೀಣೆಯ ಮೀಟು ಟಕ್ ಅಂತ ಬಂದು ಅಲ್ಲೇ ಸತ್ತು ಬೀಳುತ್ತದೆ. ಹಿಂದೆ ನಾದವೇ ಇಲ್ಲ. ಆಮೇಲೆ ತಿಳಿದವರೊಬ್ಬರು ಬಿಡಿಸಿ ಹೇಳಿದರು. ಸದ್ದು ತೆಗೆಯುವ ಸಾಫ್ಟ್‌ವೇರ್‌ಗೆ ಒಂದೇ ಸಮ ಕೇಳುವುದೆಲ್ಲ ಕಸ. ಫ್ಯಾನೂ ಕಸ, ಟೇಪಿನ ಸುಯ್ ಸದ್ದೂ ಕಸ, ತಂಬೂರಿಯೂ ಕಸ. ಕಸದ ಜೊತೆ ಮೂಲ ಕ್ಯಾಸೆಟ್ಟನ್ನೂ ಅವರು ಎಸೆದಿದ್ದರು. ಅದು ಬೇರೆ ಕಥೆ.

ಹೊಸ ಮೃದಂಗ ಸೇರಿಸುವ ಮಾತನ್ನಂತೂ ಎತ್ತಲೇಬೇಡಿ. ಆವತ್ತು ನುಡಿಸಿದ ವಿದ್ವಾಂಸರು ಗುರುಗಳ ಮುಖ ನೋಡಿಕೊಂಡು ನುಡಿಸಿದ್ದು. ಇವರು ಯಾರ ಮುಖ ನೋಡಿ ನುಡಿಸ್ತಾರೆ?

ಗೊರಗೊರ ಸದ್ದು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳ್ತೀನಿ, ನಿಮಗೆ ಖಂಡಿತ ಉಪಯೋಗಕ್ಕೆ ಬರುತ್ತದೆ. ಹಳೇ ಕ್ಯಾಸೆಟ್ ಹಾಕಿದಾಗ ಗುರುಗಳ ಶ್ರುತಿ ಸ್ವಲ್ಪ ಏರಿದಂತೆ ಕೇಳಿಸಿತಾ? ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್ ನಿಧಾನವಾಗಿ ಓಡುತ್ತದೆ. ಹಾಗೆ ತುಂಬಿಕೊಂಡದ್ದನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲಾ ಮೇಲೇರುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಸಾಕು, ಅರ್ಧ ಮನೆ ಶ್ರುತಿ ಏರಿತು (ಶ್ರುತಿ ಅಳೆಯುವ ಲೆಕ್ಕಕ್ಕೆ ‘ಮನೆ’ ಅನ್ನುತ್ತಾರೆ). ಒಂದು ಮನೆಯಲ್ಲಿ ಹಾಡುತ್ತಿದ್ದವರು ಒಂದೂವರೆ ಮನೆ ಆಗಿಬಿಡ್ತಾರೆ. ಕಂಠ ತೆಳ್ಳಗಾಗುತ್ತದೆ, ಗಮಕ ಅವಸರವಾಗುತ್ತದೆ. ಕೇಳಿದವರು “ಓ, ಇವರು ಬಿರುಸಿನ ಹಾಡುಗಾರಿಕೆಯವರು” ಅಂದುಕೊಳ್ತಾರೆ!

ಸರಿಯಾದ ವೇಗ ಎಷ್ಟು ಅಂತ ಹುಡುಕುವುದು ಹೇಗೆ? ಚಪ್ಪರದ ಮೈಕ್‌ಸೆಟ್ಟು ‘ಗುಂಯ್’ ಅನ್ನುತ್ತಿತ್ತಲ್ಲ, ಅದು ಕರೆಂಟಿನ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಡುವಂಥದ್ದು. ಕಂಪ್ಯೂಟರಿನಲ್ಲಿ ಆ ಗುಂಯ್‌ಗುಡುವಿಕೆ 53 ಅಂತ ತೋರಿಸಿದರೆ ಟೇಪು ನೂರಕ್ಕೆ ಆರು ಜೋರಾಗಿ ಓಡುತ್ತಿದೆ ಅಂತ. ಅಷ್ಟು ಇಳಿಸಿ. ಮೊದಲೇ ಕ್ಲೀನ್ ಮಾಡಿಸಿದ್ದರೆ ಈ ಅಳತೆಗೋಲೇ ಇರುತ್ತಿರಲಿಲ್ಲ, ಅಲ್ವಾ? ಆ ದಿನಗಳಲ್ಲಿ ಕರೆಂಟೂ ಸರಿಯಾಗಿ 50ರಲ್ಲಿ ನಿಲ್ಲುತ್ತಿರಲಿಲ್ಲ, ಒಂದೊಂದು ಸಲ 49ಕ್ಕೂ ಕೆಳಗೆ ಇಳಿಯುತ್ತಿತ್ತು. ಹಾಗಾಗಿ ಕೊನೆಯ ತೀರ್ಪು ನಿಮ್ಮ ಕಿವಿಯದು. ಅವರ ಶ್ರುತಿ ಎಷ್ಟು ಅಂತ ಬೇರೆ ಯಾರಿಗೆ ಗೊತ್ತಿರುತ್ತೆ? ಅದಕ್ಕೆ ಪಿಟೀಲು ಕೂಡಿಸಿಕೊಂಡು ಪಕ್ಕದಲ್ಲಿ ಕೂತವರು ನೀವು. ಈ ಕೆಲಸ ಯಾವ ಕಂಪನಿಯೂ ಮಾಡಲಾರದು.

ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ವಿಚಾರ ಬೇಗ ಹೇಳಿಬಿಡ್ತೀನಿ. ಮನೆಯ ಹಳೇ ಟೂ-ಇನ್-ಒನ್‌ನಲ್ಲಿ ಹಾಕಿ ಹಾಕಿ ಕೇಳಬೇಡಿ. ಕೆಲವು ಟೇಪು ಒಂದೇ ಸಲ ಓಡಿ ಪ್ರಾಣ ಬಿಡುತ್ತವೆ. ಆ ಒಂದು ಸಲ ರೆಕಾರ್ಡ್ ಆಗುತ್ತಿರಬೇಕು. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ. ಸ್ಪೂಲ್ ಅಂಟಂಟಾಗಿದ್ದು, ಓಡುವಾಗ ಕಿರ್ ಅಂದರೆ ತಕ್ಷಣ ನಿಲ್ಲಿಸಿ. ತೇವ ಹೀರಿ ಒಳಗಿನ ಅಂಟು ಸಡಿಲವಾಗಿರುತ್ತದೆ. ಅದನ್ನು ಹದವಾಗಿ ಕಾಯಿಸಿ ಸರಿಮಾಡುವವರಿದ್ದಾರೆ. ಅಡುಗೆಮನೆಯ ಓವನ್ನಿನಲ್ಲಿ ನೀವು ಕೈ ಹಾಕಬೇಡಿ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಅಂದ್ರೆ ಒಳ್ಳೇ ಗುಣಮಟ್ಟದಲ್ಲಿ, ಇಳಿಸಿದರೆ ಗಂಟೆಗೆ ಸುಮಾರು 2 ಜಿಬಿ ಬೇಕು. ನಿಮ್ಮ ಅಷ್ಟೂ ಕ್ಯಾಸೆಟ್ ಸಿ-90 (ಒಂದೂವರೆ ಗಂಟೆಯದು) ಅಂತಿಟ್ಟುಕೊಂಡರೂ, ಸ್ಪೂಲ್ ಸೇರಿ, 150 ಜಿಬಿ ದಾಟಲ್ಲ. ಅದನ್ನು ಎರಡು ಕಡೆ ಇಡಿ, ಒಂದು ಬೇರೆಯವರ ಮನೆಯಲ್ಲಿರಲಿ. ಕ್ಯಾಸೆಟ್ ಮಗ್ಗುಲು ಬದಲಿಸುವಾಗ ನೆರವಲ್ (ಒಂದೇ ಸಾಲನ್ನು ಬೆಳೆಸಿ ಹಾಡುವುದು) ಅರ್ಧಕ್ಕೆ ಕಡಿದಿರುತ್ತಲ್ಲ, ಅದನ್ನು ನಾಜೂಕಾಗಿ ಹೊಲಿಯಬೇಡಿ. ಕಡಿದದ್ದು ಕಡಿದಂತೆ ಕೇಳಲಿ.

ಖರ್ಚಿಗಿಂತ ಜಾಸ್ತಿ ಹೊತ್ತು ಹಿಡಿಯುವುದು ಫೋನ್ ಮಾಡುವ ಕೆಲಸ. ಡಬ್ಬ ನಿಮ್ಮ ಅಟ್ಟದಲ್ಲಿತ್ತು ಅಂದ ಮಾತ್ರಕ್ಕೆ ಹಕ್ಕು ನಿಮ್ಮದಾಗಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣ, ಅದನ್ನು ಮುಂದೆ ನಿಂತು ಮಾಡಿಸಿದವರದ್ದು. ಅಂದ್ರೆ ಆ ಭಾವಮೈದುನರು, ಅವರಿಲ್ಲದಿದ್ದರೆ ಅವರ ಮಕ್ಕಳು. ಕಲಾವಿದರ ಹಕ್ಕು ಕಾಯ್ದೆಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ. ಅದಕ್ಕೂ ಹಿಂದಿನ ಕಚೇರಿಗೆ ಅದು ಎಷ್ಟು ಅನ್ವಯ ಅನ್ನುವ ವಾದವನ್ನು ವಕೀಲರಿಗೆ ಬಿಡೋಣ. ಮೃದಂಗದವರಿಗೆ, ಘಟದವರಿಗೆ, ತಂಬೂರಿ ಹಿಡಿದ ಹುಡುಗನಿಗೂ ನೀವು ಫೋನ್ ಮಾಡಿ. ಅವರ ಹೆಸರು ಕವರಿನ ಮೇಲೆ ಇರಲಿ. ಬಂದ ದುಡ್ಡು ಹೇಗೆ ಹಂಚಿಕೊಳ್ಳುವುದು ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ದುಡ್ಡು ಬರದಿದ್ದರೂ ಹಾಳೆ ಇರಲಿ.

ಕೃತಿಗಳನ್ನೂ ಒಮ್ಮೆ ನೋಡಿಕೊಳ್ಳಿ. ವಾಗ್ಗೇಯಕಾರರು, ಅಂದ್ರೆ ಕೃತಿ ರಚಿಸಿದವರು, ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ತ್ಯಾಗರಾಜರು, ದೀಕ್ಷಿತರ ಚಿಂತೆಯಿಲ್ಲ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು, 2022ರಿಂದ ಅವರ ಕೃತಿಗಳೂ ಮುಕ್ತ. ಆದರೆ ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974ರಲ್ಲಿ. ಅವರ ಕೃತಿಗಳಿಗೆ 2034 ಮುಗಿಯುವವರೆಗೆ ಒಪ್ಪಿಗೆ ಬೇಕು. ಕೊನೆಗೆ ಬೇಂದ್ರೆಯವರ ಪದ್ಯ ಏನಾದರೂ ಹಾಡಿದ್ದರೆ, 2041ರವರೆಗೆ. ರೇಡಿಯೋದಿಂದ ಹಿಡಿದದ್ದು ಇದ್ದರೆ ಅದನ್ನು ಪಕ್ಕಕ್ಕಿಡಿ, ಅದು ಆಕಾಶವಾಣಿಯದು.

47ನ್ನೂ ಒಟ್ಟಿಗೆ ಸುರಿಯಬೇಡಿ. ಒಂದು ಪೂರ್ತಿ ಕಚೇರಿ, ವರ್ಣದಿಂದ ಮಂಗಳದವರೆಗೆ, ಮೊದಲು ಬರಲಿ. ನೂರಿನ್ನೂರು ಸಿ.ಡಿ. ಸಾಕು. ಪೆನ್‌ಡ್ರೈವ್ ಆದರೂ ಸರಿ. ಬ್ಯಾಂಡ್‌ಕ್ಯಾಂಪ್ ಥರದ ಸಂಗೀತ ಮಾರುವ ವೆಬ್‌ಸೈಟಿನಲ್ಲಿ ನೀವೇ ಬೆಲೆ ಇಟ್ಟು ಮಾರಬಹುದು, ಡಿಜಿಟಲ್ ಮಾರಾಟದಲ್ಲಿ ಅವರು ಹಿಡಿದುಕೊಳ್ಳುವುದು ನೂರಕ್ಕೆ 15. ನಿಮ್ಮ ಮೊಮ್ಮಕ್ಕಳಿಗೆ ಹೇಳಿ, ಒಂದು ಮಧ್ಯಾಹ್ನದ ಕೆಲಸ.

ಆ ಭೈರವಿ. ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಪ್ರತಿ ಸಲವೂ ಅಲ್ಲೇ ನಿಂತೆ. ಚಪ್ಪರದಲ್ಲಿ ಮೈಕಿನ ಮುಂದೆ ಕೂತವರು ಸಾವಿರ ಜನ ಕೇಳಲಿ ಅಂತಲೇ ಹಾಡಿದ್ದು. ಅದನ್ನು ಹೊರತರಲು ಅಳುಕು ಬೇಡ, ಬೇಸುರು ಇದ್ದರೂ ಬೇಡ. ಪಾಠದ ಟೇಪುಗಳಿಗೆ ಅವರ ಮಕ್ಕಳನ್ನು ಕೇಳಿ. ಆದರೆ ಇದೊಂದರಲ್ಲಿ ಅವರೇ ಬೇಡ ಅಂದಿದ್ದಾರೆ. ಹೇಳಿದ ಮೇಲೆ ಟೇಪು ನಿಂತಿದೆ ಅಂದುಕೊಂಡೇ ಹಾಡಿದ್ದಾರೆ. ಅದು ಅಷ್ಟು ಚೆನ್ನಾಗಿ ಬಂದದ್ದೂ ಬಹುಶಃ ಅದಕ್ಕೇ. ಇಳಿಸಿ, ಭದ್ರವಾಗಿ ಇಡಿ, ಹೊರಗೆ ಬಿಡಬೇಡಿ.

ಹೀಗೆಲ್ಲ ಬರೆದ ಮೇಲೂ ಅದನ್ನು ಒಂದು ಸಲ ಕೇಳಬೇಕು ಅಂತ ನನಗೆ ಆಸೆ ಆಗುತ್ತಿದೆ. ಹೊಸ ಮನೆ ಎಲ್ಲಿ ಅಂತ ನೀವು ಬರೆದಿಲ್ಲ.